ಕಾಯಂ ಶಿಬಿರಾರ್ಥಿ

ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರದ ಕಳಕಪ್ಪನನ್ನು ಸ್ವಾವಲಂಬಿ ಮಾಡಲು ಈ ದೇಶ ಪಟ್ಟಷ್ಟು ಪಾಡನ್ನು ಬೇರೆ ಯಾರಿಗಾಗಿಯೂ ಪಟ್ಟಿರಲಿಕ್ಕಿಲ್ಲ. ಹುಟ್ಟಿನಿಂದ ಕಿವಿ ಕೇಳದ ಈ ಮನುಷ್ಯನಿಗೆ ಮೀಸೆ ಮೂಡುವ ಹೊತ್ತಿಗೆ ಮೇಣಬತ್ತಿ ಮಾಡಲು ಕಲಿಸಿದರು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯೊಳಗಿತ್ತು. ಮೇಣಬತ್ತಿಗೆ ಗಿರಾಕಿ ಹುಟ್ಟಲಿಲ್ಲವೆಂದು ಸೀಮೆಸುಣ್ಣ ಕಲಿಸಿದರು. ಸುಣ್ಣ ಬಡಿದುಕೊಂಡದ್ದಷ್ಟೇ ಬಂತು. ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿತು ಮುಗಿಸಿದ, ಊರ ತುಂಬ ಪ್ಲಾಸ್ಟಿಕ್ ಕುರ್ಚಿ ಬಂದು ಕೂತವು. ಆಮೇಲೆ ಬುಕ್ ಬೈಂಡಿಂಗ್. ಆಮೇಲೆ, ಯಾರ ತಲೆಗೆ ಹೊಳೆಯಿತೋ, ಟೆಲಿಫೋನ್ ಬೂತು.

ನಿಯಮದ ಪ್ರಕಾರ ಬೂತು ಅಂಗವಿಕಲರಿಗೆ. ಕಳಕಪ್ಪ ಅಂಗವಿಕಲ. ಆದ್ದರಿಂದ ಕಳಕಪ್ಪನಿಗೆ ಬೂತು. ಈ ತರ್ಕದಲ್ಲಿ ತಪ್ಪು ಹುಡುಕುವ ಗಂಡಸು ಯಾವ ಕಚೇರಿಯಲ್ಲೂ ಇರಲಿಲ್ಲ. ಫೋನು ಬಡಿದುಕೊಂಡಾಗ ಅವನ ತಾಯಿ ವಿರೂಪಾಕ್ಷಮ್ಮ ಪಕ್ಕದಲ್ಲಿ ಕೂತು ಅವನ ತೋಳು ತಿವಿಯಬೇಕು, ಅವನು ಎತ್ತಿ ಗಿರಾಕಿಯ ಕೈಗೆ ಕೊಡಬೇಕು. ಹಾಗೇ ಒಂದಷ್ಟು ಕಾಲ ನಡೆಯಿತು. ಕೊನೆಗೆ ಎಲ್ಲರ ಕಿಸೆಯಲ್ಲೂ ಮೊಬೈಲು ಬಂದು, ವಿರೂಪಾಕ್ಷಮ್ಮನ ಬೆರಳಿಗೂ ಮಗನ ತೋಳಿಗೂ ವಿಶ್ರಾಂತಿ ಸಿಕ್ಕಿತು. ಮುಂದೆ ಹೊಲಿಗೆ, ಊದುಬತ್ತಿ, ಗೋಡೆಗೆ ಮುಖ ಮಾಡಿ ಪಾಠ ಹೇಳುವ ಮೇಷ್ಟ್ರ ಹತ್ತಿರ ಕಂಪ್ಯೂಟರು. ಈಚೆಗೆ "ಸಂವಹನ ಕೌಶಲ". ಅದನ್ನು ಕಲಿಸಲು ಬಂದವನಿಗೆ ಕೈಭಾಷೆಯ ಒಂದು ಅಕ್ಷರ ಬರುತ್ತಿರಲಿಲ್ಲ.

ಕಳಕಪ್ಪ ಇದ್ದಲ್ಲೇ ಇದ್ದ, ಅವನ ಹೆಸರು ಮಾತ್ರ ಬಡ್ತಿ ಪಡೆಯುತ್ತ ಹೋಯಿತು. ಮೊದಲು ಮೂಗ. ಆಮೇಲೆ ಅಂಗವಿಕಲ, ವಿಕಲಚೇತನ, ವಿಶೇಷಚೇತನ, ಈಗ ದಿವ್ಯಾಂಗ. ಇಷ್ಟು ಬಡ್ತಿ ಕಂಡ ನೌಕರ ಇಡೀ ಜಿಲ್ಲೆಯಲ್ಲಿಲ್ಲ. ಪಗಾರ ಒಂದು ಬರುತ್ತಿರಲಿಲ್ಲ, ಅಷ್ಟೆ. ಶಿಬಿರ ಎಂದರೆ ತಲೆ ಬೇಕು, ಫೋಟೋಕ್ಕೆ ಮುಖ ಬೇಕು. ಕಳಕಪ್ಪನಾದರೆ ಕ್ಯಾಮೆರಾ ಎಲ್ಲಿದೆ ಎಂದು ಹೇಳಿಕೊಡಬೇಕಿರಲಿಲ್ಲ.

ಇಷ್ಟೆಲ್ಲ ಶಿಬಿರಗಳಿಂದ ದಕ್ಕಿದ್ದು ಒಬ್ಬ ಹೆಂಡತಿ. ಯಲಬುರ್ಗಾ ಕಡೆಯ ಅನ್ನಪೂರ್ಣ, ಅವಳಿಗೂ ಕಿವಿ ಕೇಳದು, ಬುಕ್ ಬೈಂಡಿಂಗ್ ಶಿಬಿರದಲ್ಲಿ ಸಿಕ್ಕಳು. ಅಲ್ಲಿ ಗಟ್ಟಿಯಾಗಿ ನಿಂತ ಬೈಂಡಿಂಗ್ ಅದೊಂದೇ. ಹೊಟ್ಟೆಪಾಡಿಗೆ ಇಬ್ಬರೂ ಮನೆಯಲ್ಲೇ ಕೂತು ವ್ಯಾಪಾರಿಗಳು ತಂದು ಸುರಿಯುವ ತಲೆಗೂದಲಿನ ಗಂಟು ಬಿಡಿಸುತ್ತಿದ್ದರು. ಓಣಿಯ ಅರ್ಧ ಮಂದಿ ಮಾಡುವ ಕೆಲಸ, ಯಾವ ಸಂಸ್ಥೆಯೂ ಕಲಿಸದೆ ಬಂದದ್ದು. ಸಂಸಾರ ಕೂದಲೆಳೆಯ ಮೇಲೆ ನಡೆದಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಮಗಳು ಅಮೃತಾಳಿಗೆ ಕಿವಿಯೂ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೊಪ್ಪಳದಲ್ಲಿ ಬಿ.ಎ. ಕೊನೆಯ ವರ್ಷ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಬಸ್ ಕಂಡಕ್ಟರನ "ಒಳಗ ನಡೀರಿ"ಯವರೆಗೆ ಯಾರ ದನಿಯನ್ನಾದರೂ ಅಣಕಿಸಿ ತೆಗೆಯುತ್ತಿದ್ದಳು. ಹಾಲುಹಲ್ಲಿನಿಂದಲೂ ಅಪ್ಪನ ಕೈಮಾತನ್ನು ಊರಿಗೆ, ಊರಿನ ಬಾಯಿಮಾತನ್ನು ಅಪ್ಪನಿಗೆ ಮುಟ್ಟಿಸುವ ಕೆಲಸ ಅವಳದೇ. ಮುಟ್ಟಿಸುವಾಗ ಒಂದಿಷ್ಟು ಬೆಣ್ಣೆ ಹಚ್ಚುವುದು ಅವಳ ರೂಢಿ. ಕಳಕಪ್ಪನ ಕೈ ಬಲು ಹರಿತ. ಅವನು ಕಿರಾಣಿ ಅಂಗಡಿಯವನನ್ನು "ಕಳ್ಳ ನಾಯಿ" ಎಂದರೆ, "ತೂಕ ಒಂದೀಟು ನೋಡ್ರಿ ಅಂತಾರ್ರಿ" ಎನ್ನುತ್ತಿದ್ದಳು ಅಮೃತಾ.

ಹೀಗಿರುವಾಗ ಗಂಗಾವತಿಯ ಅಕ್ಕಿ ಗಿರಣಿ ಮಾಲೀಕ ದೊಡ್ಡಬಸಪ್ಪ, ತಾನೇ ಅಧ್ಯಕ್ಷನಾಗಿರುವ "ಕರುಣಾದೀಪ" ಸಂಸ್ಥೆಯಿಂದ ಕೊಪ್ಪಳದಲ್ಲಿ ಕಿವುಡರಿಗೊಂದು ತರಬೇತಿ ಕೇಂದ್ರ ತೆರೆಯುವುದಾಗಿ ಸಾರಿದ. ದುಡ್ಡು ಬೆಂಗಳೂರಿನ ಯಾವುದೋ ಕಂಪನಿಯದು, ದೀಪ ಇವನದು. ಬುಕ್ ಬೈಂಡಿಂಗ್ ಮತ್ತು ಮೇಣಬತ್ತಿ ಕಲಿಸಲು ಒಬ್ಬ ತರಬೇತುದಾರ ಬೇಕು, ಸಂಬಳದ ಹುದ್ದೆ.

ಕಳಕಪ್ಪ ಆ ಸುದ್ದಿ ಓದಿ ಎದ್ದು ನಿಂತ. ಜೀವಮಾನವೆಲ್ಲ ಬೆಂಚಿನ ಮೇಲೆ ಕೂತವನಿಗೆ ಮೇಜಿನ ಆಚೆ ಬದಿಯ ಕುರ್ಚಿ ಕಂಡಿತ್ತು.

"ಈ ನೌಕರಿ ನಂದು," ಎಂದಿತು ಅವನ ಕೈ. "ಜಿಲ್ಲಾದಾಗ ನನ್ನಷ್ಟು ಕಲ್ತಾವ ಯಾರದಾನ?"

ಸಂದರ್ಶನ ಮೊದಲ ಮಹಡಿಯಲ್ಲಿತ್ತು. ಗಾಲಿಕುರ್ಚಿಯವರು ಬಂದರೆ ಕೆಳಗೇ ಇರಲಿ ಎಂಬ ಮುಂದಾಲೋಚನೆ ಇರಬಹುದು. ದೊಡ್ಡಬಸಪ್ಪ ಹೊಟ್ಟೆಯನ್ನು ಮೇಜಿಗೆ ಒರಗಿಸಿ, ಕಳಕಪ್ಪನನ್ನು ಬಿಟ್ಟು ಅಮೃತಾಳನ್ನು ನೋಡಿದ.

"ಏನವ್ವಾ, ನಿಮ್ಮಪ್ಪಗ ಅನುಭವ ಏನೈತಿ ಕೇಳು."

"ಎದುರಿಗೇ ಕುಂತಾರಲ್ರಿ. ಅವರನ್ನ ನೋಡಿ ಕೇಳ್ರಿ, ನಾ ಕೈಲೆ ಹೇಳ್ತೀನಿ."

"ನೋಡಿದ್ರ ಕೇಳಸ್ತೈತೇನು?" ಎಂದ ದೊಡ್ಡಬಸಪ್ಪ. ಅಕ್ಕಪಕ್ಕದ ಸದಸ್ಯರು ನಕ್ಕರು. ನಗುವುದಕ್ಕೆಂದೇ ಅವರನ್ನು ಸದಸ್ಯರನ್ನಾಗಿ ಮಾಡಿದ್ದು.

ಕಳಕಪ್ಪ ಪ್ರಮಾಣಪತ್ರಗಳ ಕಟ್ಟನ್ನು ಮೇಜಿನ ಮೇಲಿಟ್ಟ.

"ಇವೆಲ್ಲಾ ತಗೊಂಡ ತರಬೇತಿ," ಎಂದ ದೊಡ್ಡಬಸಪ್ಪ, ಒಂದನ್ನೂ ಬಿಚ್ಚದೆ. "ಕೊಟ್ಟ ಅನುಭವ ಐತೇನು?"

"ಕೊಡಾಕ ಯಾರೂ ಕರ್ದಿಲ್ರಿ."

"ಅಂದ್ರ ಇಲ್ಲ. ಮತ್ತ ಕಿವುಡರಿಗೆ ಕಲಸೂದಂದ್ರ ಆಟ ಅಲ್ಲವ್ವಾ. ಬಿಡಿಸಿ ಬಿಡಿಸಿ ಹೇಳಬೇಕಾಕ್ಕೈತಿ. ಬಾಯಿ ಬೇಕು."

ಅಮೃತಾ ಅದನ್ನು ಅಪ್ಪನಿಗೆ ಮುಟ್ಟಿಸಿದಳು. ಕಳಕಪ್ಪನ ಕೈಗಳು ಎದ್ದವು. "ಕಿವುಡರಿಗೆ ಕಲಸಾಕ ಬಾಯಿ ಬೇಕಂತ! ಕೋಳಿಗೆ ಕಾಳು ಹಾಕಾಕ ಚಮಚಾ ಬೇಕಂದಂಗಾತು. ಉದುರಿದ ಕೂದಲಕ್ಕಾದ್ರೂ ಭಾಗ್ಯನಗರದಾಗ ಬೆಲಿ ಐತಿ, ಈ ತಲಿಗಿ ಅದೂ ಇಲ್ಲ. ಹೇಳು ಆ ಹೊಟ್ಟಿಗೆ."

ಅಮೃತಾ ಗಂಟಲು ಸರಿ ಮಾಡಿಕೊಂಡಳು. "ದೊಡ್ಡವರದೀರಿ, ಒಂದೀಟು ವಿಚಾರ ಮಾಡ್ರಿ ಅಂತಾರ್ರಿ. ನಿಮ್ಮ ಸಂಸ್ಥಾ ಭಾಳ ಛಲೋ ಕೆಲಸ ಮಾಡಾಕತ್ತೈತಿ ಅಂತಾರ್ರಿ."

ದೊಡ್ಡಬಸಪ್ಪನ ಮುಖ ಅರಳಿತು. ಅವನು ಕಳಕಪ್ಪನತ್ತ ಕೈಮುಗಿದ.

ಹೊರಗೆ ಮೆಟ್ಟಿಲ ಮೇಲೆ ಕಳಕಪ್ಪ ಮಗಳನ್ನು ನಿಲ್ಲಿಸಿದ.

"ನಾ ಬೈದೆ. ಅವ ನಕ್ಕ. ನಡುವ ಏನಾತು?"

"ನೌಕರಿ ಸಿಗಲಿ ಅಂತ, ಅಪ್ಪಾ..."

ಅವನ ಕೈ ಮತ್ತೆ ಎದ್ದಿತು. "ನೀ ಹುಟ್ಟಿದಾಗಿಂದ ನಾ ಎಷ್ಟೋ ಮಂದಿಗೆ ಬೈದೀನಿ. ಎಲ್ಲಾರೂ ನಕ್ಕೋತ ಹೋಗ್ಯಾರ. ಈ ಊರ ಮಂದಿಗೆ ಮಾನ ಇಲ್ಲ ಅಂತ ತಿಳಕೊಂಡಿದ್ದೆ ನಾನು."

ಆಮೇಲೆ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ನಡೆದುಬಿಟ್ಟ. ಕೈಮಾತಿನವನು ಕೈ ಜೇಬಿಗೆ ಹಾಕಿದನೆಂದರೆ ಬಾಗಿಲಿಗೆ ಅಗಳಿ ಬಿದ್ದಂತೆ. ಭಾಗ್ಯನಗರ ಮುಟ್ಟುವವರೆಗೂ ಅವು ಹೊರಗೆ ಬರಲಿಲ್ಲ. ಅಮೃತಾ ಹಿಂದೆ ಹಿಂದೆ ನಡೆದಳು. ಯಾರ ದನಿಯನ್ನಾದರೂ ತೆಗೆಯಬಲ್ಲವಳು ಅಪ್ಪನ ದನಿಯೊಂದನ್ನು ಇಷ್ಟು ವರ್ಷ ತಪ್ಪಾಗಿ ತೆಗೆದಿದ್ದಳು. ಅದು ಮೊದಲ ಸಲ ಅವಳಿಗೆ ಚುಚ್ಚಿತು.

ಹುದ್ದೆ ದೊಡ್ಡಬಸಪ್ಪನ ತಂಗಿಯ ಮಗ ಸಿದ್ದಲಿಂಗೇಶನಿಗೆ ಹೋಯಿತು. ಅವನು ಮೇಣಬತ್ತಿಯನ್ನು ಹುಟ್ಟುಹಬ್ಬದ ಕೇಕಿನ ಮೇಲೆ ಕಂಡಿದ್ದ. ಕೈಭಾಷೆಯಲ್ಲಿ ಅವನಿಗೆ ಬರುತ್ತಿದ್ದುದು ಊಟ, ನೀರು, ನಿದ್ದೆ. ಅದರ ಮೇಲೆ ಒಬ್ಬ ಅಳಿಯನ ಜೀವನ ಸುಖವಾಗಿ ಸಾಗಬಹುದು, ತರಗತಿ ಸಾಗುವುದಿಲ್ಲ.

ತೊಂದರೆ ಬೇರೆಯೇ ಕಡೆಯಿಂದ ಬಂತು. ಕೇಂದ್ರಕ್ಕೆ ಕಲಿಯುವವರೇ ಬರಲಿಲ್ಲ. ಜಿಲ್ಲೆಯ ಕಿವುಡರು ಭಾನುವಾರ ಸಂಜೆ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಸೇರುತ್ತಾರೆ. ಮುನಿರಾಬಾದಿನ ಇಮ್ರಾನ, ಕುಷ್ಟಗಿಯ ನೂರಜಾನಬಿ, ಹೀಗೆ ಎಲ್ಲ ದಿಕ್ಕಿನವರು. ಕಳಕಪ್ಪ ಅಲ್ಲಿ ಸಂದರ್ಶನವನ್ನು ಪೂರ್ತಿ ಅಭಿನಯಿಸಿ ತೋರಿಸಿದ್ದ, ದೊಡ್ಡಬಸಪ್ಪನ ಹೊಟ್ಟೆಯ ಸಮೇತ. ಇಮ್ರಾನನ ಚಹಾ ಮೂಗಿನಿಂದ ಹೊರಬಂತು. ಒಬ್ಬರೂ ಹೆಸರು ಕೊಡುವುದಿಲ್ಲವೆಂದು ಅಲ್ಲೇ ತೀರ್ಮಾನವಾಯಿತು.

ಉದ್ಘಾಟನೆಯ ಹಿಂದಿನ ದಿನ ದೊಡ್ಡಬಸಪ್ಪ ಅಳಿಯನನ್ನು ಕರೆದುಕೊಂಡು, ಬಾಳೆಹಣ್ಣಿನ ಚಿಪ್ಪು ಹಿಡಿದು ಕಳಕಪ್ಪನ ಮನೆಗೆ ಬಂದ. ಕೂದಲಿನ ರಾಶಿಯ ಪಕ್ಕ ಕೂತ.

"ಏನವ್ವಾ ಅಮೃತಾ, ನಿಮ್ಮಪ್ಪಗ ಹೇಳು. ನಾಳೆ ಬೆಂಗಳೂರಿಂದ ಸಾಹೇಬ್ರು ಬರ್ತಾರ. ತಮ್ಮ ಮಂದೀನ್ನ ಕರಕೊಂಡು ಬಂದು ಶಿಬಿರಕ್ಕ ಕೂಡ್ರಲಿ. ಊಟ, ಭತ್ತೆ, ಒಂದು ಟಿ-ಶರ್ಟ್."

ಸಿದ್ದಲಿಂಗೇಶ ತನ್ನ ಪಾಲಿನ ಸೇವೆಯೆಂದು ಬೆರಳು ಜೋಡಿಸಿ ಬಾಯಿಗೆ ಒಯ್ದು "ಊಟ" ತೋರಿಸಿದ. ಮತ್ತೊಮ್ಮೆ ತೋರಿಸಿದ.

ಕಳಕಪ್ಪ ಎದ್ದ. ಹೊಟ್ಟೆ ಮುಂದೆ ಬಿಟ್ಟ, ಕತ್ತು ಹಿಂದೆ ಎಳೆದ, ದೊಡ್ಡಬಸಪ್ಪನಾದ. ಅವನ ಕೈಗಳು ಮಾತಾಡಿದವು, ಕಣ್ಣುಗಳು ಮಗಳ ಕಡೆ ನೋಡಿದವು. ಹೇಳುತ್ತೀಯೋ, ಬೆಣ್ಣೆ ಹಚ್ಚುತ್ತೀಯೋ?

ಅಮೃತಾ ಉಸಿರೆಳೆದು ಬಾಯಿ ಬಿಟ್ಟಾಗ ಹೊರಬಂದದ್ದು ದೊಡ್ಡಬಸಪ್ಪನದೇ ದನಿ, ಮೂಗಿನ ಗುಂಯ್‌ಗುಡುವಿಕೆ ಸಹಿತ. "ನಾನು ದೊಡ್ಡಬಸಪ್ಪ. ನನಗ ಕಿವುಡರು ಅಂದ್ರ ಭಾಳ ಜೀವ. ಅವರಿಗೆ ಕೆಲಸ ಕೊಟ್ರ ಅವರು ಬಡವರಾಗಿ ಉಳಿಯಂಗಿಲ್ಲ, ಆಮ್ಯಾಲೆ ನಾ ಯಾರಿಗೆ ಕರುಣಾ ತೋರಸ್ಲಿ? ಅದಕ್ಕ ಕೆಲಸ ಅಳಿಯಗ, ಟಿ-ಶರ್ಟ್ ಕಿವುಡರಿಗೆ."

ಗೋಡೆಗೊರಗಿ ಕೂತಿದ್ದ ಅನ್ನಪೂರ್ಣ, ಎದುರಿಗಿದ್ದವರ ಮುಖ ಕಪ್ಪಿಟ್ಟಿದ್ದನ್ನು ಕಂಡು ನೆಟ್ಟಗಾದಳು.

"ಏ ಹುಡುಗಿ, ಬಾಯಿ ಬಿಗಿಹಿಡಿ!" ಎಂದ ಸಿದ್ದಲಿಂಗೇಶ.

"ಬಾಯಿ ನಂದಲ್ಲ, ಅಪ್ಪಂದು," ಎಂದಳು ಅಮೃತಾ ತನ್ನ ದನಿಯಲ್ಲಿ. ಕಳಕಪ್ಪನ ಕೈ ಮುಂದುವರಿದಿತ್ತು, ಅವಳೂ ಮುಂದುವರಿದಳು. "ಕಲಸೋ ನೌಕರಿ ನನಗ ಕೊಟ್ರ ಎಲ್ಲಾರೂ ಬರ್ತಾರ. ಇಲ್ಲಂದ್ರ ನೀನೂ ನಿನ್ನ ಅಳಿಯನೂ ಕುಂತು ಮೇಣಬತ್ತಿ ಮಾಡ್ರಿ, ನಿಮ್ಮಲ್ಲಿ ಯಾರಾದ್ರೂ ಒಬ್ರಿಗೆ ಬೆಳಕಾದೀತು."

ದೊಡ್ಡಬಸಪ್ಪ ಬಾಳೆಹಣ್ಣಿನ ಚಿಪ್ಪು ವಾಪಸು ಎತ್ತಿಕೊಂಡು ಹೊರಟ. ಕಳಕಪ್ಪ ಬಾಗಿಲಲ್ಲಿ ನಿಂತು ಅವನ ಬೆವತ ಕತ್ತನ್ನು ಕಣ್ತುಂಬ ನೋಡಿದ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟ.

ದೊಡ್ಡಬಸಪ್ಪನೇನು ಸುಮ್ಮನೆ ಕೂರುವ ಆಸಾಮಿಯೆ? ಮರುದಿನ ಬೆಳಿಗ್ಗೆ ಗಂಗಾವತಿಯಿಂದ ಒಂದು ಟೆಂಪೊ ಬಂತು. ಗಿರಣಿಯ ಹಮಾಲರೂ ಅಕ್ಕಿ ಕೇರುವ ಹೆಣ್ಣುಮಕ್ಕಳೂ ಹೊಸ ಟಿ-ಶರ್ಟ್ ತೊಟ್ಟು ಇಳಿದರು. ಸೀರೆಯ ಮೇಲೆಯೇ ಟಿ-ಶರ್ಟ್. "ಇವತ್ತೊಂದಿನ ನೀವು ಕಿವುಡರು. ಯಾರೂ ತುಟಿ ಪಿಟಕ್ ಅನಬ್ಯಾಡ್ರಿ. ಕೂಲಿ ಕಾರ್ಯಕ್ರಮ ಮುಗದ ಮ್ಯಾಲೆ," ಎಂದು ಸಿದ್ದಲಿಂಗೇಶ ಅವರನ್ನು ಮುಂದಿನ ಸಾಲುಗಳಲ್ಲಿ ಕೂರಿಸಿದ. ತರಬೇತಿಯ ಹೆಸರಿನಲ್ಲಿ ಅವನು ಕೊಟ್ಟದ್ದು ಅಷ್ಟೇ, ಮತ್ತು ಅವರು ಅದನ್ನು ಚೆನ್ನಾಗಿ ಕಲಿತರು.

ನಿಜವಾದ ಕಿವುಡರು ಗೇಟಿನ ಹೊರಗೆ ನಿಂತಿದ್ದರು. ಅವರನ್ನು ಕಳಕಪ್ಪನೇ ಕರೆಸಿದ್ದ, ಖಾಲಿ ಕುರ್ಚಿಗಳ ಚೆಂದ ನೋಡಲೆಂದು. ಕುರ್ಚಿಗಳು ತುಂಬಿದ್ದು ಕಂಡು ಅವನ ಮುಖ ಇಳಿಯಿತು.

"ಯಾರಿವರು? ಯಾವೂರ ಕಿವುಡರು? ನಾ ನೋಡೇ ಇಲ್ಲಲ್ಲ!"

ವೇದಿಕೆಯ ಮೇಲೆ ಬೆಂಗಳೂರಿನ ಸಾಹೇಬ ಮೈಕಿನ ಹತ್ತಿರ ಬಂದ. ಮೈಕು ಕಿರ್ರ್ ಎಂದು ಕಿರುಚಿಕೊಂಡಿತು. ಮುಂದಿನ ಸಾಲಿನ ಹಮಾಲರು, ಹಿಂದಿನ ಸಾಲಿನ ಹೆಣ್ಣುಮಕ್ಕಳು, ಎಲ್ಲರೂ ಒಟ್ಟಿಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

ಕಳಕಪ್ಪನಿಗೆ ಶಬ್ದ ಕೇಳಲಿಲ್ಲ. ಕಿವಿಯ ಮೇಲೆ ಹೋದ ಅಷ್ಟೂ ಕೈ ಕಂಡವು. ಅವನು ಮಗಳತ್ತ ತಿರುಗಿದ. ಮೈಕು ಕಿರುಚಿದ್ದನ್ನು ಅಮೃತಾ ಕೈಯಲ್ಲಿ ಹೇಳಿದಳು. ಗೇಟಿನ ಬಳಿ ಇಮ್ರಾನ ನಗುತ್ತ ನೆಲಕ್ಕೆ ಕೂತುಬಿಟ್ಟ.

ಸಾಹೇಬನಿಗೆ ಏನೂ ಹೊಳೆಯಲಿಲ್ಲ. "ನೋಡಿ, ಎಷ್ಟು ಸೂಕ್ಷ್ಮ!" ಎಂದ ಗದ್ಗದಿತನಾಗಿ. "ಕಿವಿ ಇಲ್ಲದವರಿಗೆ ದೇವರು ಕಂಪನ ಹಿಡಿಯೋ ಶಕ್ತಿ ಕೊಟ್ಟಿರ್ತಾನೆ."

ಅಷ್ಟರಲ್ಲಿ ಕಳಕಪ್ಪ ವೇದಿಕೆ ಹತ್ತಿಯಾಗಿತ್ತು. ಅಲ್ಲಿ ಹೂವು ಸುತ್ತಿದ ಒಂದು ಕುರ್ಚಿ ಇತ್ತು, ತರಬೇತುದಾರನನ್ನು ಕೂರಿಸಿ ಶಾಲು ಹೊದಿಸಲು ಇಟ್ಟದ್ದು. ಸಿದ್ದಲಿಂಗೇಶ ಕೂದಲು ಬಾಚಿಕೊಳ್ಳುತ್ತಿದ್ದ. ಕಳಕಪ್ಪ ಹೋಗಿ ಅದರಲ್ಲಿ ಕೂತ. ಅಮೃತಾ ಅವನ ಎದುರಿಗೆ, ಮೈಕಿನ ಪಕ್ಕ ಬಂದು ನಿಂತಳು.

"ಇವರು ಯಾರು?" ಎಂದ ಸಾಹೇಬ.

ದೊಡ್ಡಬಸಪ್ಪ ಬಗ್ಗಿ ಅಮೃತಾಳ ಕಿವಿಯಲ್ಲಿ ಪಿಸುಗುಟ್ಟಿದ. "ಮರ್ಯಾದಿ ಕಳೀಬ್ಯಾಡ್ರವ್ವಾ. ಮುಂದ ನೋಡೂಣಂತ ಹೇಳು. ಈಗ ಎಬ್ಬಿಸು."

ಅಪ್ಪನಿಗೆ ಹೇಳಬೇಕಾದ್ದನ್ನು ಅಮೃತಾ ಕೈಯಲ್ಲೂ ಹೇಳಿದಳು, ಬಾಯಲ್ಲೂ ಹೇಳಿದಳು, ದೊಡ್ಡಬಸಪ್ಪನದೇ ದನಿಯಲ್ಲಿ, ಮೈಕಿನೊಳಗೆ. "ಮರ್ಯಾದಿ ಕಳೀಬ್ಯಾಡ್ರವ್ವಾ. ಮುಂದ ನೋಡೂಣಂತ ಹೇಳು. ಈಗ ಎಬ್ಬಿಸು."

ಕೆಳಗೆ ಒಬ್ಬ ಹಮಾಲ ನಗು ತಡೆಯಲು ಟಿ-ಶರ್ಟನ್ನು ಬಾಯಿಗೆ ತುರುಕಿಕೊಂಡ.

"ಮುಂದ ಅಲ್ಲ," ಎಂದಿತು ಕಳಕಪ್ಪನ ಕೈ, ಎಂದಿತು ಮೈಕು. "ಈಗ. ಸಾಹೇಬ್ರ ಎದುರಿಗೆ ಹೇಳು, ಕಲಸಾವ ಯಾರು? ಇಲ್ಲಂದ್ರ ಈ ಸಾಲಿನಾಗ ಕುಂತವರ ಕಿವಿ ಒಂದೊಂದ ತಪಾಸ್ ಮಾಡೂಣು."

ಸಾಹೇಬ ಸಾಲುಗಳನ್ನು ನೋಡಿದ, ದೊಡ್ಡಬಸಪ್ಪನನ್ನು ನೋಡಿದ. ಎಲ್ಲ ಅರ್ಥವಾಯಿತೋ, ಇಲ್ಲವೋ. ವಿಡಿಯೊದವನು ಚಿತ್ರ ತೆಗೆಯುತ್ತಿದ್ದುದು ಮಾತ್ರ ಅರ್ಥವಾಯಿತು. ಕೈಯಲ್ಲಿದ್ದ ಶಾಲನ್ನು ಕುರ್ಚಿಯಲ್ಲಿ ಇದ್ದವನಿಗೆ ಹೊದಿಸಿದ. ದೊಡ್ಡಬಸಪ್ಪ ಮೈಕು ಎಳೆದುಕೊಂಡು, "ನಮ್ಮ... ನಮ್ಮ ಕೇಂದ್ರದ ತರಬೇತುದಾರರು, ಶ್ರೀ ಕಳಕಪ್ಪನವರು," ಎಂದು, ನುಂಗಲಾಗದ ತುತ್ತನ್ನು ಉಗುಳುವವನಂತೆ ಘೋಷಿಸಿದ. ಸಿದ್ದಲಿಂಗೇಶ ಬಾಚಣಿಗೆಯನ್ನು ಜೇಬಿಗಿಟ್ಟ.

ಕಳಕಪ್ಪ ಶಾಲು ಸರಿಮಾಡಿಕೊಂಡು ಗೇಟಿನ ಕಡೆ ಕೈ ಬೀಸಿದ. ನೂರಜಾನಬಿ, ಇಮ್ರಾನ, ಅನ್ನಪೂರ್ಣ, ಎಲ್ಲರೂ ಒಳಗೆ ಬಂದರು. ಬಂದು ಸಾಲಿನ ಪಕ್ಕ ನಿಂತರು. ಕೂರಲು ಜಾಗವಿರಲಿಲ್ಲ. ಹೊಸ ಮೇಷ್ಟ್ರು ತನ್ನ ಮೊದಲ ಅಪ್ಪಣೆ ಕೊಟ್ಟ. ಅಮೃತಾ ಮೈಕಿನಲ್ಲಿ ಕೂಗಿದಳು.

"ಕಿವಿ ಕೇಳಸಾವರು ಎದ್ದು ಜಾಗಾ ಬಿಡ್ರಿ!"

ಸಾಲುಗಳಲ್ಲಿ ಒಬ್ಬರೂ ಅಲುಗಾಡಲಿಲ್ಲ. ಕೂಲಿ ಇನ್ನೂ ಕೈಗೆ ಬಂದಿರಲಿಲ್ಲ.