ಸುಮ್ಮನಿರುವ ಪರವಾನಗಿ

ಆ ಹಾರನ್ನು ಪಾವಗಡದ ಬಸ್ಸಿನದೇ ಇರಬೇಕು, ಆ ಡ್ರೈವರ್ ಒಬ್ಬನೇ ಹೀಗೆ ವಾಲಗದವನ ಹಾಗೆ ಎಳೆದೆಳೆದು ಊದುವುದು, ಹಾಗಾದರೆ ಹನ್ನೊಂದೂಕಾಲು, ಗಡಿಯಾರ ನೋಡಬಾರದು, ಎದುರಿಗೆ ಕೂತವರ ಮುಂದೆ ಗಡಿಯಾರ ನೋಡಿದರೆ ಎದ್ದು ಹೊರಡಿ ಎಂದ ಹಾಗೆ ಎಂದು ತರಬೇತಿ ಕೊಡುವ ಮಂಜುಶ್ರೀ ಮೇಡಂ ಮೊದಲ ವಾರವೇ ಹೇಳಿಕೊಟ್ಟಿದ್ದಾರೆ, ಅದಕ್ಕೇ ಲೋಹಿತಾ ಮಧುಗಿರಿ ಬಸ್ ಸ್ಟ್ಯಾಂಡಿನ ಹಾರನ್ನುಗಳಲ್ಲೇ ಹೊತ್ತು ಅಳೆಯುವುದನ್ನು ಕಲಿತಿದ್ದಾಳೆ — ಶಿರಾದ ಬಸ್ಸು ಹೋಯಿತು, ಪಾವಗಡದ್ದು ಹೊರಟಿತು, ಕೊರಟಗೆರೆಯದು ಇನ್ನೇನು ಬರಬೇಕು, ಕರೀಮ್ ಸಾಬರು ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಮೊದಲ ಸಲ ಕೈ ನಡುಗಿದ್ದು ಯಾವತ್ತು ಸಾಬ್ರೇ ಎಂದು ಕೇಳಿದ್ದು ಅವಳೇ, ಕೇಳಿ ಎಷ್ಟು ಹೊತ್ತಾಯಿತೋ, ಎರಡು ನಿಮಿಷವೋ ಎರಡು ಯುಗವೋ, ಶಿರಾದಲ್ಲಿ ನಲವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದ ಟೈಲರು, ಟೀ ಲೋಟ ಹಿಡಿದರೆ ನಡುಗದ ಕೈ, ಗಡ್ಡ ಸವರಿಕೊಂಡರೆ ನಡುಗದ ಕೈ, ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಮಾತ್ರ ನಡುಗುತ್ತದೆ, ನರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ನರ ನೆಟ್ಟಗಿದೆ, ಮನಸ್ಸನ್ನು ತೋರಿಸಿ ಎಂದು ಚೀಟಿ ಬರೆದು ಈ ಆಪ್ತಸಮಾಲೋಚನೆಯ ಕೋಣೆಗೆ ಕಳಿಸಿದ್ದಾರೆ, ಹಿಂದಿನ ಎರಡು ಸಲ ಬಂದಾಗ ಬಿಸಿಲಿನ ವಿಷಯ ಮಾತಾಡಿದರು, ಪಕ್ಕದಂಗಡಿಯವನು ಕಾಲರು ಕೆಡಿಸುವ ವಿಷಯ ಮಾತಾಡಿದರು, ಕೈಯ ವಿಷಯ ಮಾತ್ರ ಇಲ್ಲ, ಮನೆಯಲ್ಲಿ ಮಧುಗಿರಿಗೆ ಮೆಷಿನ್ನಿನ ನೂಲು ಸುತ್ತುವ ಬಾಬಿನ್ ತರಲು ಹೋಗುತ್ತೇನೆ ಎಂದು ಹೇಳಿ ಬರುತ್ತಾರಂತೆ, ಸಾಕ್ಷಿಗಿರಲಿ ಎಂದು ಪ್ರತಿ ಸಲವೂ ಒಂದು ಬಾಬಿನ್ ಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರೆ. ಈಗ ಮಾತಾಡಬಾರದು ಲೋಹಿತಾ, ಬಾಯಿ ಮುಚ್ಚಿಕೊಂಡು ಕೂರು, ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಜುಶ್ರೀ ಮೇಡಂ ಕೂತಿದ್ದಾರೆ, ಸಾಬರ ಒಪ್ಪಿಗೆ ಕೇಳಿಯೇ ಕೂತಿದ್ದಾರೆ, ತೊಡೆಯ ಮೇಲೆ ಫಾರಂ ಇದೆ, ಇವತ್ತು ಅದರ ಕೆಳಗೆ ಅವರ ಸಹಿ ಬಿದ್ದರೆ ಲೋಹಿತಾಳ ಪರವಾನಗಿಯ ಅರ್ಜಿ ಮುಂದೆ ಹೋಗುತ್ತದೆ, ಬಾಗಿಲಿಗೆ ಅವಳ ಹೆಸರಿನ ಬೋರ್ಡು ಬರುತ್ತದೆ, ಬೀಳದಿದ್ದರೆ ಇನ್ನೊಂದು ವರ್ಷ ತರಬೇತಿಯವಳು, ಇಬ್ಬರು ಮಕ್ಕಳಾದ ಮೇಲೆ ಓದಲು ಕೂತು, ಸಾರಿಗೆ ಒಗ್ಗರಣೆ ಹಾಕುತ್ತಾ ಪಾಠ ಬಾಯಿಪಾಠ ಮಾಡಿ, ಪರೀಕ್ಷೆಗಳನ್ನೆಲ್ಲ ಒಂದೇ ಏಟಿಗೆ ಪಾಸು ಮಾಡಿದವಳು ಈಗ ಸುಮ್ಮನೆ ಕೂರುವ ಒಂದೇ ಒಂದು ವಿಷಯದಲ್ಲಿ ಫೇಲಾದರೆ ತನ್ನೂರು ಹೊಳವನಹಳ್ಳಿಯವರು ನಕ್ಕು ನಕ್ಕು ಸಾಯುತ್ತಾರೆ. ಇದು ಎರಡನೆಯ ಅವಕಾಶ, ಈ ವರ್ಷ ಮೂರನೆಯದು ಇಲ್ಲ.

ಮೊದಲನೆಯದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ, ನಗುವೂ ಬರುತ್ತದೆ — ಹೋದ ತಿಂಗಳು, ಇದೇ ಕುರ್ಚಿ, ಇದೇ ಮೂಲೆಯಲ್ಲಿ ಮೇಡಂ, ಎದುರಿಗೆ ಕೆಂಚಮ್ಮ ಎಂಬ ಹೆಂಗಸು, ನಲವತ್ತೈದು ಇರಬಹುದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಾಳೆ, ಏನು ಕೇಳಬೇಕೆಂದು ಪುಸ್ತಕದಲ್ಲಿ ಸೊಗಸಾಗಿ ಬರೆದಿದೆ, ಲೋಹಿತಾಳ ಬಾಯಿಗೆ ಬಂದದ್ದು ಯಾವೂರಮ್ಮ ನಿಮ್ದು, ಅಷ್ಟೇ, ಹುಲಿಕುಂಟೆ ಕಣಮ್ಮ ಎಂದಳು, ಅಯ್ಯೋ ಹುಲಿಕುಂಟೆನಾ, ನಮ್ಮ ಅತ್ತಿಗೆ ತವರೂ ಹುಲಿಕುಂಟೆನೇ, ಮರುಳಸಿದ್ದಯ್ಯನೋರ ಮನೆ ಗೊತ್ತಾ, ಗೊತ್ತಿಲ್ದೆ ಏನು, ನಮ್ಮ ಹಿತ್ಲ ಗೋಡೆ ಅವರ ಹಿತ್ಲ ಗೋಡೆ ಒಂದೇಯ, ಅಂಗಾದ್ರೆ ನೀವು ನಮ್ಮೋರೇ ಬುಡಿ! — ಮುಗಿಯಿತು, ಅಲ್ಲಿಂದ ಮರುಳಸಿದ್ದಯ್ಯನವರ ತಮ್ಮನ ಮಗಳ ಮದುವೆ, ಆ ಮದುವೆಯಲ್ಲಿ ಪಾಯಸ ಸಾಲದೆ ಬಂದದ್ದು, ಕೆಂಚಮ್ಮನ ಮನೆಯ ಗೃಹಪ್ರವೇಶಕ್ಕೆ ತಪ್ಪದೆ ಬರಬೇಕೆಂಬ ಕರೆ, ಬರ್ತೀನಿ ಬುಡ್ರಮ್ಮ ಎಂಬ ಲೋಹಿತಾಳ ಒಪ್ಪಿಗೆ, ಮುಕ್ಕಾಲು ಗಂಟೆ ಮುಗಿದು ಕೆಂಚಮ್ಮ ನಗುನಗುತ್ತಾ ಎದ್ದು ಹೋದಳು, ಲೋಹಿತಾಳೂ ಬೀಗುತ್ತಾ ಮೂಲೆಯ ಕಡೆ ತಿರುಗಿದಳು, ಮೇಡಂ ಫಾರಮ್ಮಿನಲ್ಲಿ ದುಂಡಗೆ ಬರೆದಿದ್ದರು, ನೆಂಟಸ್ತಿಕೆ ಉತ್ತಮವಾಗಿ ಬೆಳೆದಿದೆ, ಆಪ್ತಸಮಾಲೋಚನೆ ಇನ್ನೂ ಆರಂಭವಾಗಿಲ್ಲ. ಗೌರೀಶ ಅದನ್ನು ಓದಿ ಮಂಚದಿಂದ ಬೀಳುವಷ್ಟು ನಕ್ಕ, ಗಂಡ ಎನಿಸಿಕೊಂಡವನು ನಗಬಾರದಿತ್ತು, ಆದರೆ ಅವಳಿಗೂ ತಡೆಯಲಾಗಲಿಲ್ಲ, ಇಬ್ಬರೂ ನಕ್ಕರು, ನಕ್ಕು ಮುಗಿದ ಮೇಲೆ ಅವಳಿಗೆ ಕೆಂಚಮ್ಮ ನೆನಪಾದಳು, ಹುಲಿಕುಂಟೆಯಿಂದ ಎರಡು ಬಸ್ಸು ಬದಲಿಸಿ ಬಂದ ಹೆಂಗಸು, ಶಿರಾದಲ್ಲಾದರೆ ಯಾರಾದರೂ ನೋಡಿಯಾರು ಎಂದು ಪಕ್ಕದ ತಾಲೂಕಿಗೆ ಬಂದವಳು, ಗುರುತಿನವರು ಬೇಡವೆಂದೇ ಬಂದವಳಿಗೆ ಲೋಹಿತಾ ಐದೇ ನಿಮಿಷದಲ್ಲಿ ಗುರುತಿನವಳಾಗಿಬಿಟ್ಟಳು, ಇನ್ನು ಅವಳು ಹೇಳುವುದೇನು, ಹಿತ್ತಲ ಗೋಡೆಯಾಚೆಗೆ ಹೋಗಿ ತಲುಪುವ ಮಾತನ್ನು ಯಾರು ತಾನೆ ಆಡುತ್ತಾರೆ. ಕೆಂಚಮ್ಮ ಮತ್ತೆ ಬರಲಿಲ್ಲ, ಏನು ಹೇಳಲು ಬಂದಿದ್ದಳೋ ಇವತ್ತಿಗೂ ಗೊತ್ತಿಲ್ಲ, ಫಾರಂ ಹಾಳಾಗಲಿ, ಇದು ಮಾತ್ರ ಲೋಹಿತಾಳನ್ನು ಊಟದ ಮಧ್ಯೆ ಹಿಡಿದು ನಿಲ್ಲಿಸುತ್ತದೆ.

ಆಮೇಲಿನಿಂದ ಮನೆಯಲ್ಲಿ ದಿನವೂ ಅಭ್ಯಾಸ, ಬೆಳಗಿನ ಇಡ್ಲಿಯ ಹೊತ್ತಿಗೆ ಗೌರೀಶ ಮುಖ ಇಳಿಬಿಟ್ಟು ಒಂದು ಕಷ್ಟ ಹೇಳಿಕೊಳ್ಳಬೇಕು, ಅವಳು ಬಾಯಿ ಬಿಡದೆ ಕೇಳಿಸಿಕೊಳ್ಳಬೇಕು, ಮೊದಲ ದಿನ ನನ್ನ ಹೆಂಡತಿ ಚಟ್ನಿಗೆ ಉಪ್ಪು ಹಾಕುವುದಿಲ್ಲ, ಮನಸ್ಸಿಗೆ ಬಹಳ ನೋವು ಎಂದ, ಹಾಕಿದೀನ್ರೀ ನಾಲಿಗೆ ಸತ್ತೋಗಿದೆ ನಿಮಗೆ ಎಂದುಬಿಟ್ಟಳು, ಹನ್ನೊಂದು ಸೆಕೆಂಡು ಎಂದ ಗೌರೀಶ ಮೊಬೈಲು ತೋರಿಸುತ್ತಾ, ಅಲ್ಲ ಕಣೇ, ಮಾತಾಡೋಕೆ ಲೈಸೆನ್ಸ್ ಕೊಡ್ತಾರೆ ಅಂದ್ಕೊಂಡಿದ್ದೆ, ನಿಮ್ಮಲ್ಲಿ ಸುಮ್ಮನಿರೋಕೆ ಲೈಸೆನ್ಸಾ? ಹೌದು, ಅದು ಅವಳಿಗೂ ತಿಳಿದದ್ದು ತಡವಾಗಿಯೇ, ಊರಿನವರೆಲ್ಲ ನೀನು ಹುಟ್ಟಿರೋದೇ ಬುದ್ಧಿ ಹೇಳೋಕೆ ಕಣಮ್ಮ ಎಂದು ಉಬ್ಬಿಸಿದ್ದರು, ಸೊಸೆ ಜೊತೆ ಜಗಳವೆಂದರೆ ಲೋಹಿತಾ, ಮಗ ಓದುವುದಿಲ್ಲವೆಂದರೆ ಲೋಹಿತಾ, ಅವಳೂ ಬಿಸಿ ಬೋಂಡ ಕರಿದ ಹಾಗೆ ಬುದ್ಧಿಮಾತು ಕರಿದು ಹಾಕುತ್ತಿದ್ದಳು, ಅದಕ್ಕೆ ಸರ್ಕಾರದ ಒಂದು ಮೊಹರು ಬಿದ್ದರೆ ಸಾಕು ಎಂದುಕೊಂಡು ಕೋರ್ಸಿಗೆ ಸೇರಿದರೆ ಮೊದಲ ಪಾಠವೇ ಬುದ್ಧಿ ಹೇಳಬೇಡಿ. ಹೇಳದೆ ಇರುವುದು ಹೇಗೆ, ಅಜ್ಜಿ ಬಸವಮ್ಮನ ಕೈಯಲ್ಲಿ ಬೆಳೆದವಳು, ಅಜ್ಜಿಗೆ ಎಲ್ಲ ನೋವಿಗೂ ಒಂದೇ ಔಷಧಿ, ಹೋಗ್ಲಿ ಬುಡು, ಬಳಪ ಮುರಿಯಿತು ಹೋಗ್ಲಿ ಬುಡು, ಹಸು ಸತ್ತಿತು ಹೋಗ್ಲಿ ಬುಡು, ಲೋಹಿತಾಳ ಅಮ್ಮ ಹೋದ ದಿನವೂ ಎಂಟು ವರ್ಷದವಳ ತಲೆ ಸವರಿ ಅಂದದ್ದು ಅದೇ ಮಾತು, ಪಾಪ, ಅಜ್ಜಿಗೆ ಬೇರೆ ಮಾತು ಗೊತ್ತಿರಲಿಲ್ಲ, ಪ್ರೀತಿಯೇನೋ ಕಡಿಮೆಯಿರಲಿಲ್ಲ, ಆದರೆ ಆ ಮಾತು ಬಿದ್ದ ಮೇಲೆ ಅಳುವ ಹಾಗಿಲ್ಲ, ಅಳು ಬಾಗಿಲ ಹೊರಗೇ ನಿಂತುಬಿಡುತ್ತಿತ್ತು. ನಿನ್ನೆ ಗೌರೀಶ ತಮಾಷೆ ಬಿಟ್ಟು ತನ್ನಪ್ಪನ ವಿಷಯ ಹೇಳಿದ, ಅಪ್ಪ ಒಂದು ದಿನವೂ ಶಭಾಷ್ ಅನ್ನಲಿಲ್ಲ ನೋಡು ಎಂದ, ಅವಳು ಇಡ್ಲಿ ತಣ್ಣಗಾಗುವವರೆಗೂ ಕೇಳಿದಳು, ಮೊಬೈಲು ನೋಡುವುದನ್ನು ಅವನೂ ಮರೆತಿದ್ದ, ಹನ್ನೆರಡು ವರ್ಷ ಒಟ್ಟಿಗೆ ಬಾಳಿದ ಗಂಡನ ಹೊಸ ಸಂಗತಿಯೊಂದು ಅವಳಿಗೆ ಹಾಗೆ ಸಿಕ್ಕಿತು. ಅಂದರೆ ಬರುತ್ತದೆ, ಪ್ರಯತ್ನಪಟ್ಟರೆ ಬರುತ್ತದೆ, ಮತ್ತೆ ಕೆಲವು ವಿಷಯಗಳಲ್ಲಿ ಪುಸ್ತಕಕ್ಕಿಂತ ಅವಳೇ ವಾಸಿ, ಈ ಮೇಜಿನ ಡ್ರಾಯರಿನಲ್ಲಿ ಒಂದು ಪೊಟ್ಟಣ ಕುಂಕುಮ ಇಟ್ಟಿದ್ದಾಳಲ್ಲ, ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗಿಬರುತ್ತೇನೆ ಎಂದು ಅತ್ತೆಗೆ ಹೇಳಿ ಇಲ್ಲಿಗೆ ಬರುವ ಸೊಸೆಯಂದಿರು ಬರಿ ಹಣೆಯಲ್ಲಿ ಹಿಂತಿರುಗಿದರೆ ಮನೆಯಲ್ಲಿ ರಾಮಾಯಣ, ಮೇಡಂ ಪೊಟ್ಟಣ ನೋಡಿ ಇದಕ್ಕೆ ಫಾರಮ್ಮಿನಲ್ಲಿ ಕಾಲಮ್ಮೇ ಇಲ್ಲವಲ್ಲ ಎಂದರು, ಡ್ರಾಯರು ಮುಚ್ಚಿದರು, ತೆಗೆದುಹಾಕು ಎನ್ನಲಿಲ್ಲ.

ಕೊರಟಗೆರೆ ಬಸ್ಸೂ ಬಂತು, ಹಾರನ್ನು ಆಯಿತು, ಸಾಬರು ಕೂತ ಹಾಗೇ ಕೂತಿದ್ದಾರೆ, ಲೋಹಿತಾಳ ಬಾಯಿತುಂಬ ಮಾತುಗಳು ಶಾಲೆ ಬಿಡುವ ಹೊತ್ತಿನ ಮಕ್ಕಳ ಹಾಗೆ ಬಾಗಿಲಿಗೆ ನುಗ್ಗುತ್ತಿವೆ, ಶಿರಾದಲ್ಲಿ ನಮ್ಮ ಪ್ರಭುದೇವ್ ಮಾವನ ಬಟ್ಟೆ ಅಂಗಡಿ ಗೊತ್ತಾ ಸಾಬ್ರೇ — ಬೇಡ, ನೀರು ಕುಡೀತೀರಾ — ಬೇಡ, ಕುಡಿದರೆ ಮಾತು ನುಂಗಿಬಿಟ್ಟಾರು, ಇಲ್ಲ ಇಲ್ಲ, ಹಲ್ಲು ಕಚ್ಚು, ಕಾಲ ಹೆಬ್ಬೆರಳು ನೆಲಕ್ಕೆ ಒತ್ತು. ಅವರು ಏನನ್ನೋ ನೋಡುತ್ತಿದ್ದಾರೆ, ಅವಳ ಮುಖವನ್ನಲ್ಲ, ಅವಳ ರವಿಕೆಯ ತೋಳನ್ನು, ಹೊಲಿಗೆಯ ಗೆರೆಯ ಮೇಲೆ ಅವರ ಕಣ್ಣು ಭುಜದಿಂದ ಮೊಣಕೈಗೆ ನಿಧಾನ ಇಳಿಯುತ್ತದೆ, ನಿಲ್ಲುತ್ತದೆ, ಆಮೇಲೆ ದೂಳು ಹಿಡಿದ ದನಿಯಲ್ಲಿ, ಈ ತೋಳು ಹೊಲ್ದೋರು ಯಾರಮ್ಮಾ, ಗೆರೆ ಒಂದು ನೂಲು ಓರೆ ಹೋಗೈತೆ. ಅಯ್ಯಯ್ಯೋ, ತನ್ನ ವಿಷಯ ಹೇಳಿಕೊಳ್ಳಬಾರದು, ಹೇಳಿದರೆ ಫಾರಮ್ಮಿನಲ್ಲಿ ಒಂದು ಕೆಂಪು ಗುರುತು, ಹೇಳದಿದ್ದರೆ ಕೇಳಿದ ಮನುಷ್ಯನಿಗೆ ಅವಮಾನ, ಯಾರೂ ಅಲ್ಲ ಸಾಬ್ರೇ, ರೆಡಿಮೇಡು, ಎಂದುಬಿಟ್ಟಳು, ಅಷ್ಟಕ್ಕೆ ನಿಂತಳು, ಮೊಬೈಲಿನಲ್ಲಿ ಆಫರ್ ಇತ್ತು ಎಂಬ ಬಾಲವನ್ನು ಕಷ್ಟಪಟ್ಟು ಕತ್ತರಿಸಿಕೊಂಡಳು. ಸಾಬರ ಮುಖ ಸಣ್ಣಗಾಯಿತು, ಆಮೇಲೆ ವಿಚಿತ್ರವಾಗಿ ಅದರಲ್ಲೇ ಒಂದು ನಗು ಮೂಡಿತು, ನಮ್ಮ ಆರ್ಜೂನೂ ರೆಡಿಮೇಡೇ ತಗಂಡ್ಬುಟ್ಲಮ್ಮ, ನನ್ನ ಮಗ್ಳು, ಶಾದಿ ಜೋಡಾ, ಶಿರಾದಾಗೆ ಎಲ್ಲಾ ಹುಡ್ಗೀರ ಮದುವೆ ಬಟ್ಟೆ ನಾನೇ ಹೊಲ್ದಿರೋದು, ನನ್ನ ಮಗ್ಳು ತುಮಕೂರಿಂದ ಡಬ್ಬದಾಗೆ ತಗಂಡು ಬಂದ್ಲು, ಹೆಂಗೈತೆ ಅಬ್ಬು ಅಂದ್ಲು, ಬೋ ಚೆಂದಾಗೈತೆ ಬೇಟಿ ಅಂದೆ, ಚೆಂದಾನೂ ಇತ್ತಮ್ಮ, ಸುಳ್ಳು ಹೇಳ್ಬಾರ್ದು. ಸೊಂಟದಾಗೆ ಒಂಚೂರು ಬಿಗಿ ಮಾಡ್ಕೊಡಿ ಅಬ್ಬು ಅಂದ್ಲು. ಮೆಷಿನ್ ಮುಂದೆ ಕುಂತೆ, ಅವತ್ತೇ ನೋಡಮ್ಮ, ಅವತ್ತೇ ಮೊದ್ಲು, ಈ ಕೈ. ಅವರು ಕೈಯನ್ನು ಮೇಜಿನ ಮೇಲೆ ಇಟ್ಟರು, ಬೇರೆ ಯಾರದೋ ಸಾಮಾನು ಇಟ್ಟ ಹಾಗೆ.

ಈಗಿನ ಹುಡುಗೀರೇ ಹಂಗೆ ಸಾಬ್ರೇ ಎಂಬ ಮಾತು ಲೋಹಿತಾಳ ನಾಲಗೆ ತುದಿಗೆ ಬಂದೇ ಬಂತು, ಮಗಳು ಸುಖವಾಗಿದ್ದಾಳಲ್ಲ ಅದೇ ಸಾಕಲ್ವಾ ಎಂಬುದೂ ಅದರ ಬೆನ್ನಿಗೇ ಬಂತು, ಎರಡೂ ಒಳ್ಳೆಯ ಮಾತುಗಳೇ, ಎರಡೂ ಬಾಗಿಲು ಹಾಕುವ ಮಾತುಗಳು, ಆಡಲಿಲ್ಲ, ಆಡಬಾರದೆಂದು ನೆನಪಾಗಿ ಅಲ್ಲ, ಸಾಬರು ಇನ್ನೂ ಹೇಳುತ್ತಿದ್ದಾರೆ, ಅವಳಿಗೆ ಅದನ್ನು ಕೇಳಬೇಕಾಗಿದೆ, ಎರಡು ವರ್ಷದ ಹಿಂದೇನೇ ನಾನು ಬಟ್ಟೆ ತಂದಿಟ್ಟಿದ್ದೆ ಕಣಮ್ಮ, ಅವಳಿಗೂ ಹೇಳಿಲ್ಲ, ಮನೇಲಿ ಯಾರ್ಗೂ ಹೇಳಿಲ್ಲ, ಕೆಂಪು ಬಟ್ಟೆ, ಅಳತೆ ಕೇಳಿದ್ರೆ ಗೊತ್ತಾಗೋಯ್ತದೆ ಅಂತ ಅಳತೇನೂ ತಗಳ್ಲಿಲ್ಲ, ಹೆತ್ತ ಮಗೀಂದು ಅಳತೆ ಏನು ಕೇಳಾದು, ಕಣ್ಣಾಗೇ ಕತ್ತರಿಸ್ಬುಟ್ಟೆ, ಮದುವೆ ಗೊತ್ತಾದ್ಮೇಲೆ ಹೊಲಿಯಾನ ಅಂತ ಟ್ರಂಕಿನಾಗೆ ಇಟ್ಟೆ, ಇನ್ನೂ ಅಲ್ಲೇ ಐತೆ. ಮೂಲೆಯಲ್ಲಿ ಪೆನ್ನಿಗೆ ಕ್ಯಾಪು ಹಾಕಿದ ಟಿಕ್ ಸದ್ದಾಯಿತು, ಸಹಿ ಬಿತ್ತೋ ಬಿಡ್ತೋ, ತಿರುಗಿ ನೋಡಬೇಕೆಂದು ಲೋಹಿತಾಳಿಗೆ ತೋಚಲೇ ಇಲ್ಲ, ಮಾತುಗಳೆಲ್ಲ ಎಲ್ಲಿ ಹೋದವೋ, ಬಸ್ಸುಗಳೆಲ್ಲ ಎಲ್ಲಿ ಹೋದವೋ, ಅಷ್ಟು ಹೊತ್ತಿಂದ ಗಿಜಿಗುಡುತ್ತಿದ್ದ ತಲೆಯೊಳಗೆ ಈಗ ಒಂದು ಟ್ರಂಕು ಮಾತ್ರ ಇದೆ, ಅದರ ಮುಚ್ಚಳ ತೆರೆದಿದೆ, ಎರಡು ತೋಳು, ಒಂದು ಬೆನ್ನು, ದುಂಡು ಕೊರಳು, ಗುಂಡುಸೂಜಿ ಚುಚ್ಚಿದ್ದು ಚುಚ್ಚಿದ ಹಾಗೇ, ಸೀಮೆಸುಣ್ಣದ ಗೆರೆಯೂ ಅಳಿಸಿಲ್ಲ, ಕೆಂಪು ಬಟ್ಟೆ, ಅವಳು ಏನೋ ಕೇಳಬೇಕೆಂದು, ಏನೂ ಕೇಳುವುದು ಬೇಡವೆಂದು, ಕೆಂಪು ಬಟ್ಟೆ, ಯಾರ ಮೈಯನ್ನೂ ಮುಟ್ಟದೆ ಮಗಳಷ್ಟೇ ಅಗಲ, ಮಗಳಷ್ಟೇ ಉದ್ದ, ಹೊಲಿಯದ ಕೆಂಪು ಬಟ್ಟೆ.