ಕಾಂಟೆಸ್ಸಾ ಎಂಜಿನ್ನಿನ ಬೈಕು

ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ, ಅದರಡಿ ಇಟ್ಟಿದ್ದ ನಿಂಬೆಹಣ್ಣನ್ನು ಹಿಂದೆ ನಿಂತಿದ್ದ ಎದುರುಮನೆ ಅನಂತರಾಮು ಅವರ ಬಿಳಿ ಪಂಚೆಗೆ ಎಸೆಯಿತು. ಆಯುಧಪೂಜೆ ನೋಡಲು ಸೇರಿದ್ದ ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು.

"ಸಂಗಮೇಶ್, ನಿಮ್ ಬೈಕು ಸಖತ್ತಾಗ್ ಬೌಲಿಂಗ್ ಮಾಡತ್ತೆ ಕಣ್ರೀ!" ಎಂದರು ಅನಂತರಾಮು.

ಸಂಗಮೇಶ ನಗಲಿಲ್ಲ. ಕುಮಾರಸ್ವಾಮಿ ಲೇಔಟಿನ ಮನೆಯ ಮುಂಭಾಗವನ್ನೇ ಗ್ಯಾರೇಜು ಮಾಡಿಕೊಂಡು ಅವನು ಕಟ್ಟಿದ ಆ ಬೈಕಿನ ಹೊಟ್ಟೆಯಲ್ಲಿದ್ದದ್ದು ಗುಜರಿಗೆ ಹೊರಟಿದ್ದ ಕಾಂಟೆಸ್ಸಾ ಕಾರಿನ ಎಂಜಿನ್. ಸಂಸಾರ ಸಮೇತ ಊಟಿ ಹತ್ತುತ್ತಿದ್ದ ಎಂಜಿನ್ ಎರಡು ಚಕ್ರದ ಮೇಲೆ ಏನು ಮಾಡೀತೆಂದು ನೋಡುವ ಹುಚ್ಚು ಅವನದು. ಆ ಹುಚ್ಚಿಗಾಗಿ ಹೆಂಡತಿ ದಾನಮ್ಮ ವರ್ಷಗಟ್ಟಲೆ ಪೆಟ್ರೋಲಿನ ವಾಸನೆಯಲ್ಲಿ ರೊಟ್ಟಿ ಬಡಿದಿದ್ದಳು. ಈ ಹಬ್ಬಕ್ಕೂ ಬೈಕು ನಿಂಬೆಹಣ್ಣು ದಾಟದಿದ್ದರೆ ಬಿಚ್ಚಿ ಗುಜರಿಗೆ ಹಾಕುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದವನೂ ಅವನೇ.

ಇನ್ನೊಂದು ಹಣ್ಣಿಟ್ಟರು. ಅದೂ ಹಾರಿತು.

"ಹಿಂದ ಭಾರ ಸಾಲವಲ್ದು," ಎಂದು ಸಂಗಮೇಶ ಗೊಣಗಿದ. ಅಲ್ಲಿ ಯಾರನ್ನಾದರೂ ಕೂರಿಸೋಣವೆಂದರೆ ಸೀಟಿಲ್ಲ, ಬರಿ ತಗಡು. ಎಂಜಿನ್ನಿಗೆ ಜಾಗ ಸಾಲದಾದಾಗ ಹಿಂದಿನ ಸೀಟನ್ನು ಅವನೇ ಕಿತ್ತೆಸೆದಿದ್ದ.

"ಸಾಕು ಬಿಡು. ನಾಳೆ ಬಿಚ್ಚತೇನಿ," ಎಂದ ಹೆಂಡತಿಯತ್ತ ತಿರುಗಿ.

"ಪೂಜಿ ಮಾಡಿದ್ದನ್ನ ಬಿಚ್ಚತಾರೇನ್ರಿ?" ದಾನಮ್ಮ ಒಳಗಿನಿಂದ ಕೌದಿ ತಂದು, ಮಡಿಸಿ ತಗಡಿನ ಮೇಲೆ ಹಾಸಿ, ಹೊಸ ಇಳಕಲ್ ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿ ಕೂತೇಬಿಟ್ಟಳು. "ಭಾರ ಬೇಕಂದ್ರ ನಾ ಇಲ್ಲೇನು? ನಡೀರಿ."

"ಏ, ಬೀಳತಿ!"

"ಬಿದ್ರ ಇಬ್ರೂ ಬೀಳೂಣಂತ."

ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಬೈಕು ಗುಡುಗುತ್ತ ಬೀದಿಯ ಕೊನೆಯತ್ತ ಹೊರಟಿತು. "ಹೋಯ್ತು ಗುರು, ಹೋಯ್ತು!" ಎಂದು ಅನಂತರಾಮು ಪಂಚೆ ಎತ್ತಿ ಕಟ್ಟಿ ಹಿಂದೆಯೇ ಓಡಿದರು. ಸಂಗಮೇಶನ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಇವಳಿಗೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ, ಆದರೂ ಬಂದು ಕೂತಳಲ್ಲ! ಅವಳ ಋಣ ದೊಡ್ಡದು ಅನ್ನಿಸಿತು. ಹೇಳೋಣವೆಂದರೆ ಆ ಎಂಜಿನ್ನಿನ ಆರ್ಭಟದಲ್ಲಿ ಯಾವ ಮಾತೂ ಕೇಳುವಂತಿರಲಿಲ್ಲ. ಅವಳ ಕೈ ಮಾತ್ರ ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದಿತ್ತು.

ಒಂದು ಸುತ್ತು ಹೊಡೆದು ಬಂದ ಮೇಲೆ ದಾನಮ್ಮ ಹೋಳಿಗೆ ಬಿಸಿ ಮಾಡಲು ಒಳಗೆ ಹೋದಳು. ಕೌದಿ ಬೈಕಿನ ಮೇಲೆಯೇ ಉಳಿದಿತ್ತು. ಸಂಗಮೇಶ ಸೀಮೆಸುಣ್ಣ ಹುಡುಕಿ ತಂದು, ತಗಡಿನ ಮೇಲೆ ಅದರ ಸುತ್ತ ನಿಧಾನವಾಗಿ ಗೆರೆ ಎಳೆಯತೊಡಗಿದ, ಕೌದಿಗಿಂತ ತುಸು ದೊಡ್ಡದಾಗಿಯೇ.