ಚೀಲ ಬಿಚ್ಚಿ ತೂಗಿದವರು

ಎರಡನೆಯ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡದ್ದೇ ತಡ, ಪಕ್ಕದ ಮನೆಯ ದರ್ಜಿ ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ. ಹೊರಲು ಮೂವರೇ ಉಳಿದರು.

“ಭಾವ ಬದುಕಿದ್ದಾಗ್ಲೂ ಹೀಗೇ. ಹಿಡಿದ ಹಟ ಬಿಟ್ಟವರಲ್ಲ,” ಎಂದ ಕೆಳತುದಿ ಹಿಡಿದಿದ್ದ ಭಾವಮೈದುನ. ಅವನು ನಿವೃತ್ತ ಇನ್ಸ್‌ಪೆಕ್ಟರ್.

ಅಷ್ಟರಲ್ಲಿ ಹೂ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದವನೊಬ್ಬ ಹೂವನ್ನು ದರ್ಜಿಯ ಮಡಿಲಿಗೆ ಹಾಕಿ, ಖಾಲಿ ಮೂಲೆಗೆ ಕೈಕೊಟ್ಟ. ಇನ್ಸ್‌ಪೆಕ್ಟರ್ ತಿರುಗಿ ನೋಡಿದ.

“ನೀನಾ?”

“ನಾನೇ ಸಾರ್.”

“ಬಿಡು. ನಿನ್ ಜೊತೆ ನಾನು ಹೊರಲ್ಲ.”

“ನಾನು ಬಿಟ್ರೆ ಇವರು ಬೀಳ್ತಾರೆ. ನೀವೇ ಬಿಡಿ ಸಾರ್.”

ಬಿಡುವಂತಿರಲಿಲ್ಲ. ಕೆಳಗೆ ಇನ್ನೂ ಇಪ್ಪತ್ತು ಮೆಟ್ಟಿಲಿದ್ದವು.

*

ಹನ್ನೆರಡು ವರ್ಷದ ಹಿಂದೆ, ಯಾರದೋ ಮಾದಕವಸ್ತುವಿನ ಚೀಲ ಹೊತ್ತು ಬಸ್ಸಿನಿಂದಿಳಿದ ಇವನನ್ನು ಹಿಡಿದದ್ದು ಇದೇ ಇನ್ಸ್‌ಪೆಕ್ಟರ್. ಸರ್ಕಾರಿ ಪ್ರಯೋಗಾಲಯದಲ್ಲಿ ಅದನ್ನು ತೂಗಿದವರು, ಕಚೇರಿಯಲ್ಲೆಲ್ಲ ‘ತಕ್ಕಡಿ’ ಎಂದೇ ಹೆಸರಾದ ಈ ಭಾವ. ಒಂದು ಕಿಲೋ ಮೂವತ್ತು ಗ್ರಾಂ ಎಂದು ಬರೆದರು. ಕಿಲೋ ದಾಟಿದರೆ ಕನಿಷ್ಠ ಹತ್ತು ವರ್ಷ. ನ್ಯಾಯಾಧೀಶರು ಮನಸ್ಸು ಮಾಡಿದರೂ ಇಳಿಸುವಂತಿಲ್ಲ.

ಸಾಕ್ಷಿಕಟ್ಟೆಯಲ್ಲಿ ತಕ್ಕಡಿಯವರು ಕನ್ನಡಕ ಒರೆಸಿಕೊಂಡರು. “ತಪ್ಪು ನಂದೇ ಸ್ವಾಮಿ. ಚೀಲದ ಸಮೇತ ತೂಗಿಬಿಟ್ಟಿದ್ದೆ. ಅಪ್ಪಣೆ ತಗೊಂಡು ನಿನ್ನೆ ಬಿಚ್ಚಿ ತೂಗಿದೆ. ಒಂಬೈನೂರ ಎಂಬತ್ತು.”

“ಇಷ್ಟು ವರ್ಷದ ಕೆಲಸದಲ್ಲಿ ಇಂಥ ತಪ್ಪು ಇದೇ ಮೊದಲಾ?” ಸರ್ಕಾರಿ ವಕೀಲರು ಕೇಳಿದರು.

“ಗೊತ್ತಾಗಿದ್ದು ಇದೇ ಮೊದಲು.”

ಕೋರ್ಟು ನಕ್ಕಿತು. ನ್ಯಾಯಾಧೀಶರ ಕೈ ಕಟ್ಟಿದ್ದ ಗಂಟು ಬಿಚ್ಚಿತ್ತು. ಮೊದಲ ಅಪರಾಧ, ಹೊತ್ತವನೇ ಹೊರತು ಮಾರಿದವನಲ್ಲ, ಕೊಟ್ಟವನ ಹೆಸರನ್ನೂ ಹೇಳಿದ್ದಾನೆ. ಆದರೂ ಆ ಚೀಲ ಊರು ಸೇರಿದ್ದರೆ ಹಾಳಾಗುತ್ತಿದ್ದ ಮನೆಗಳೆಷ್ಟೋ. ಎಲ್ಲವನ್ನೂ ಅಳೆದು ಸುರಿದು ನಾಲ್ಕು ವರ್ಷ ಕೊಟ್ಟರು. ಇನ್ಸ್‌ಪೆಕ್ಟರ್ ಅಂದಿನಿಂದ ಭಾವನ ಮನೆಯ ಹೊಸ್ತಿಲು ತುಳಿಯಲಿಲ್ಲ.

*

“ಈಗ ಏನ್ ಮಾಡ್ತಿದ್ದೀಯ?” ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡೇ ಕೇಳಿದ.

“ಬೇಕರಿ ಸಾರ್. ಇವರು ವಾರಕ್ಕೊಂದ್ಸಲ ಬರ್ತಿದ್ರು. ಬ್ರೆಡ್ಡು ತೂಗಿ ನೋಡದೆ ತಗೋತಿರ್ಲಿಲ್ಲ. ಅದೂ ಕವರ್ ಬಿಚ್ಚಿ.”

ಇನ್ಸ್‌ಪೆಕ್ಟರ್‌ಗೆ ನಗು ತಡೆಯಲಾಗಲಿಲ್ಲ. ಪೆಟ್ಟಿಗೆ ಅಲುಗಾಡಿತು, ಮೇಲ್ತುದಿಯ ಇಬ್ಬರು ಗಾಬರಿಯಾದರು. ನಗು ಮುಗಿಯುವ ಹೊತ್ತಿಗೆ ಅವನ ಕಣ್ಣು ತುಂಬಿತ್ತು. ಇಂಥ ಮನುಷ್ಯನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟದ್ದಕ್ಕೆ ನಾಚಿಕೆಯಾಯಿತು.

“ಯಾಕ್ರೋ ನಿಂತ್ರಿ?” ಮೇಲಿನಿಂದ ಅಕ್ಕ ಕೇಳಿದಳು. “ನಿನ್ ಪಕ್ಕ ಇರೋದು ಯಾರೋ?”

“ನಮ್ಮವನೇ ಅಕ್ಕ,” ಎಂದ.

ಬೀದಿಯಲ್ಲಿ ಪೆಟ್ಟಿಗೆ ಹೆಗಲೇರಿತು. ಅದು ಅಲುಗದಿರಲು ಅಕ್ಕಪಕ್ಕ ಹೊತ್ತವರು ಒಬ್ಬರನ್ನೊಬ್ಬರು ಬಳಸಿ ಹಿಡಿಯಬೇಕಿತ್ತು. ಇನ್ಸ್‌ಪೆಕ್ಟರೇ ಮೊದಲು ಕೈ ಚಾಚಿದ. “ಎಡ, ಬಲ, ಎಡ,” ಎಂದು ಕವಾಯತಿನ ದನಿಯಲ್ಲಿ ಮೆಲ್ಲಗೆ ಹೇಳಿಕೊಟ್ಟ. ಬೇಕರಿಯವನ ಹೆಜ್ಜೆ ಮತ್ತೆ ಮತ್ತೆ ತಪ್ಪಿತು. ಕೊನೆಗೆ ಹೇಳುವುದನ್ನು ಬಿಟ್ಟು, ಇನ್ಸ್‌ಪೆಕ್ಟರ್ ಒಮ್ಮೆ ಸಣ್ಣಗೆ ಕುಪ್ಪಳಿಸಿ, ತನ್ನ ಕಾಲನ್ನೇ ಅವನ ಕಾಲಿಗೆ ಹೊಂದಿಸಿಕೊಂಡ.